ರಾಜನಿಗೆ ದಂಡ ಹಾಕುವವರು ಯಾರು?

ಆಡಳಿತದ ಮಾತು ಬಂದಾಗಲೆಲ್ಲ ಅಶೋಕನನ್ನು ಆದರ್ಶವಾದಿಯೆಂದೂ ಕೌಟಿಲ್ಯನನ್ನು ವಾಸ್ತವವಾದಿಯೆಂದೂ ಬೇರೆ ಬೇರೆ ಸಾಲಿನಲ್ಲಿ ಕೂರಿಸುವುದು ನಮಗೆ ರೂಢಿಯಾಗಿದೆ. ಮನುಷ್ಯನಲ್ಲಿ ಒಳ್ಳೆಯತನವಿದೆ, ತಿಳಿಹೇಳಿದರೆ ತಿದ್ದಿಕೊಳ್ಳುತ್ತಾನೆ ಎಂಬುದು ಒಂದು ನಂಬಿಕೆ. ಅವನನ್ನು ನಡೆಸುವುದು ಆಸೆ ಮತ್ತು ಭಯ, ದಂಡವಿಲ್ಲದಿದ್ದರೆ ಬಲವುಳ್ಳವನು ಬಲಹೀನನನ್ನು ನುಂಗುತ್ತಾನೆ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಸರಿ ಎಂಬ ಜಗಳ ಸಾವಿರಾರು ವರ್ಷಗಳಿಂದ ನಡೆದಿದೆ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ ಎನ್ನುವುದು ನನ್ನ ವಾದ: ಅನುಮಾನ ಇರಬೇಕಾದದ್ದು ಯಾರ ಮೇಲೆ, ಪ್ರಜೆಗಳ ಮೇಲೋ ಅವರನ್ನು ಆಳುವವರ ಮೇಲೋ?

ಕೌಟಿಲ್ಯನ ಅರ್ಥಶಾಸ್ತ್ರ ಓದುಗರ ಕೈಗೆ ಮರಳಿ ಬಂದದ್ದು ಮೈಸೂರಿನಿಂದ. ಅಲ್ಲಿನ ಓರಿಯಂಟಲ್ ಲೈಬ್ರರಿ ಸೇರಿದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. (ಗ್ರಂಥ ಮೌರ್ಯರ ಕಾಲದ್ದೋ, ಕ್ರಿಸ್ತಶಕದ ಮೊದಲ ಶತಮಾನಗಳದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.) ಅದರಲ್ಲಿ ಪ್ರಜೆಗಳ ನಡುವೆ ಗೂಢಚಾರರನ್ನು ಬಿಡುವ ವಿಧಾನಗಳಿವೆ, ಇಲ್ಲವೆನ್ನುವಂತಿಲ್ಲ. ಆದರೂ ಗ್ರಂಥಕಾರನ ಕಣ್ಣು ಅತ್ಯಂತ ಚುರುಕಾಗುವುದು ಸರ್ಕಾರದ ನೌಕರರ ವಿಷಯದಲ್ಲಿ. ಬೊಕ್ಕಸದ ಹಣ ನುಂಗುವ 40 ಬಗೆಗಳನ್ನು ಅವನು ಎಣಿಸುತ್ತಾನೆ: ಬಂದ ಹಣವನ್ನು ಬಂದಿಲ್ಲವೆಂದು ಬರೆಯುವುದು, ಕೊಡದಿದ್ದರೂ ಕೊಟ್ಟಂತೆ ತೋರಿಸುವುದು, ತೂಕ ಅಳತೆಗಳಲ್ಲಿ ಕೈಚಳಕ. ಇಂದಿನ ಲೆಕ್ಕಪರಿಶೋಧಕರಿಗೆ ಇವು ಯಾವುವೂ ಹೊಸವಲ್ಲ. ಅದಕ್ಕೆ ಅವನು ಹೇಳುವ ಮದ್ದೂ ವ್ಯವಹಾರಸ್ಥನದೇ. ಒಂದು ಇಲಾಖೆಗೆ ಒಬ್ಬನೇ ಮುಖ್ಯಸ್ಥ ಇರಕೂಡದು, ಇದ್ದವರೂ ಅಲ್ಲೇ ಬೇರೂರಕೂಡದು. ಹೀಗೆ ಎಲ್ಲರನ್ನೂ ಶಂಕಿಸುತ್ತ ಹೋದರೆ ಒಳ್ಳೆಯವನೂ ಕೆಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೌಟಿಲ್ಯನಿಗೂ ಈ ಅಳುಕಿತ್ತು. ಧರ್ಮ, ಅರ್ಥ, ಕಾಮ, ಭಯಗಳ ಆಮಿಷವೊಡ್ಡಿ ಅಮಾತ್ಯರನ್ನು ಪರೀಕ್ಷಿಸಬೇಕೆಂದು ಹೇಳಿದವನೇ, ಅಂಥ ಪರೀಕ್ಷೆ ಶುದ್ಧ ಮನಸ್ಸನ್ನು ಕೆಡಿಸಿಬಿಟ್ಟರೆ ಮತ್ತೆ ಸರಿಪಡಿಸುವುದು ಕಷ್ಟ ಎಂದು ಎಚ್ಚರಿಸುತ್ತಾನೆ. ಲೆಕ್ಕ ಕೇಳುವುದಕ್ಕೂ ಬಲೆ ಬೀಸುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಇನ್ನು ಅಶೋಕ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅವನ ಶಾಸನಗಳು ಕಂಡುಬಂದವು. ಕಳಿಂಗದ ಧೌಲಿ ಮತ್ತು ಜೌಗಡದಲ್ಲಿರುವ ಪ್ರತ್ಯೇಕ ಶಾಸನಗಳ ಪಾಠ ಇಲ್ಲೂ ಸಿಕ್ಕಿತು. ಪ್ರಜೆಗಳೆಲ್ಲ ತನ್ನ ಮಕ್ಕಳು ಎಂಬ ಅವನ ಪ್ರಸಿದ್ಧ ಭಾವನೆ ಇರುವುದು ಈ ಶಾಸನಗಳಲ್ಲಿಯೇ. ಅದನ್ನಷ್ಟೇ ಉದ್ಧರಿಸಿ ಸುಮ್ಮನಾಗುವವರು ಮುಂದಿನ ಮಾತುಗಳನ್ನೂ ಗಮನಿಸಬೇಕು. ಅಧಿಕಾರಿಗಳು ಜನರನ್ನು ಕಾರಣವಿಲ್ಲದೆ ಸೆರೆಗೆ ಹಾಕುತ್ತಾರೆ, ಹಿಂಸಿಸುತ್ತಾರೆ ಎಂಬ ಆತಂಕ ಅಲ್ಲಿದೆ. ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ ಎಂದು ಅವರ ದೋಷಗಳ ಪಟ್ಟಿಯೇ ಇದೆ. 5 ವರ್ಷಕ್ಕೊಮ್ಮೆ ಸೌಮ್ಯ ಸ್ವಭಾವದ ಹಿರಿಯ ಅಧಿಕಾರಿಯನ್ನು ತಪಾಸಣೆಗೆ ಕಳಿಸುವ ಏರ್ಪಾಡೂ ಇದೆ. ಮರಣದಂಡನೆಯನ್ನು ಅಶೋಕ ಕೈಬಿಡಲಿಲ್ಲ, ಶಿಕ್ಷೆಗೆ ಒಳಗಾದವರಿಗೆ 3 ದಿನಗಳ ಬಿಡುವು ಕೊಟ್ಟ. ಕಳಿಂಗದ ಸಾವುನೋವಿಗೆ ಪಶ್ಚಾತ್ತಾಪಪಟ್ಟ 13ನೇ ಬಂಡೆ ಶಾಸನದಲ್ಲಿಯೇ ಕಾಡುಜನರಿಗೆ ತನ್ನ ಬಲವನ್ನು ನೆನಪಿಸುತ್ತಾನೆ. ಮನುಷ್ಯರ ಒಳ್ಳೆಯತನವನ್ನು ನಂಬಿದ ಈ ದೊರೆಯೂ ತನ್ನ ನೌಕರರನ್ನು ಕಣ್ಣುಮುಚ್ಚಿ ನಂಬಲಿಲ್ಲ.

ಹಾಗಾದರೆ ಇಬ್ಬರೂ ಒಂದೇ ಕಡೆ ತಲುಪಿದರು, ಒಂದೇ ಕಡೆ ನಿಂತೂಬಿಟ್ಟರು. ಇಬ್ಬರ ಅನುಮಾನವೂ ಅರಮನೆಯ ಬಾಗಿಲಿನ ಹೊರಗೇ ಉಳಿಯಿತು. ಕೌಟಿಲ್ಯನ ರಾಜನನ್ನು ತಡೆಯುವುದು ಅವನ ಶಿಕ್ಷಣ, ಇಂದ್ರಿಯನಿಗ್ರಹ ಮತ್ತು ಪ್ರಜೆಗಳು ತಿರುಗಿಬಿದ್ದಾರೆಂಬ ಭಯ ಮಾತ್ರ. ನಿರಪರಾಧಿಯನ್ನು ದಂಡಿಸಿದ ರಾಜ 30 ಪಟ್ಟು ದಂಡ ತೆರಬೇಕು, ಅದನ್ನು ವರುಣನಿಗೆಂದು ನೀರಿಗೆ ಬಿಟ್ಟು ಬ್ರಾಹ್ಮಣರಿಗೆ ಕೊಡಬೇಕು ಎಂಬ ಅಪೂರ್ವ ನಿಯಮವೇನೋ ಅವನಲ್ಲಿದೆ. ಆದರೆ ವಸೂಲಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕಟು ವಾಸ್ತವವಾದಿಯೆನಿಸಿದವನು ಶಿಖರದಲ್ಲಿ ಮಾತ್ರ ಆದರ್ಶ ಪುರುಷನೊಬ್ಬನನ್ನು ಕೂರಿಸಿಬಿಟ್ಟ. ಅಶೋಕನೂ ಅಷ್ಟೇ. ಮಕ್ಕಳು ಮೊಮ್ಮಕ್ಕಳು ತನ್ನ ದಾರಿಯಲ್ಲೇ ನಡೆಯಲಿ ಎಂದು ಕಲ್ಲಿನಲ್ಲಿ ಹಾರೈಸಿದ, ಅವರನ್ನು ಕಟ್ಟಿಹಾಕುವ ನಿಯಮ ಯಾವುದೂ ಇರಲಿಲ್ಲ. ದೊರೆ ಒಳ್ಳೆಯವನಾಗಿದ್ದರೆ ಸಾಕಲ್ಲವೇ ಎನ್ನುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಒಳ್ಳೆಯ ದೊರೆಯ ಕೈಗೆ ಕೊಟ್ಟ ಮಿತಿಯಿಲ್ಲದ ಅಧಿಕಾರವೇ ಮುಂದಿನವನ ಕೈಗೂ ಹೋಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿಯಾಗುತ್ತದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದೇ ಕಾರಣಕ್ಕೆ.

ನಮ್ಮ ಸಂವಿಧಾನ ಆ ಬಾಗಿಲನ್ನು ದಾಟಿತು. ಪ್ರತಿಯೊಬ್ಬ ವಯಸ್ಕನಿಗೂ ಮತ ಕೊಟ್ಟು, ಓದು ಬಾರದ ಬಡವನ ವಿವೇಚನೆಯನ್ನೂ ನಂಬಿತು. ಅದೇ ಹೊತ್ತಿಗೆ ಸರ್ಕಾರದ ಲೆಕ್ಕ ನೋಡಲು ಸ್ವತಂತ್ರ ಮಹಾಲೇಖಪಾಲರನ್ನು ನೇಮಿಸಿತು, ಹಕ್ಕಿಗೆ ಚ್ಯುತಿ ಬಂದವರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು 32ನೇ ವಿಧಿಯಲ್ಲಿ ದಾರಿ ಮಾಡಿತು. ಕಾರಣವಿಲ್ಲದ ಸೆರೆಯ ಬಗ್ಗೆ ಅಶೋಕನಿಗಿದ್ದ ಆತಂಕಕ್ಕೆ 22ನೇ ವಿಧಿ ಉತ್ತರ ಕೊಡುತ್ತದೆ: ಬಂಧಿತರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ಮುನ್ನೆಚ್ಚರಿಕೆಯ ಬಂಧನಕ್ಕೆ ಈ ರಕ್ಷಣೆ ಅನ್ವಯಿಸದು ಎಂದು ಅದೇ ವಿಧಿ ಹೇಳುತ್ತದೆ, ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆಯೂ 3 ತಿಂಗಳವರೆಗೆ ಕೂಡಿಹಾಕಲು ಅವಕಾಶ ಕೊಡುತ್ತದೆ. ಅಲ್ಲಿ ಅನುಮಾನ ಮತ್ತೆ ಆಳುವವರಿಂದ ಪ್ರಜೆಯ ಕಡೆಗೆ ತಿರುಗಿದೆ. ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ ಬರೆದ ಆ ಮಾತನ್ನು ಇಷ್ಟು ವರ್ಷಗಳ ನಂತರವೂ ಹಾಗೆಯೇ ಇಟ್ಟುಕೊಳ್ಳಲು ನನಗೆ ತಕ್ಕ ಕಾರಣ ಕಾಣುತ್ತಿಲ್ಲ.