ಅನಿವಾಸಿಗೆ ಎರಡು ಖಾತೆ ಏಕೆ?

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಅವನ ಸಂಬಳ, ಮೈಸೂರಿನಲ್ಲಿರುವ ಅವನ ಮನೆಯ ಬಾಡಿಗೆ ಎರಡನ್ನೂ ಒಂದೇ ಖಾತೆಗೆ ಹಾಕುವಂತಿಲ್ಲ ಎನ್ನುತ್ತಾರೆ ಬ್ಯಾಂಕಿನವರು. ಏಕೆ?

ಉತ್ತರ: ಹಣ ಎಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ತೆರಿಗೆಯೂ, ಅದು ಮತ್ತೆ ದೇಶ ದಾಟುವ ದಾರಿಯೂ ನಿಂತಿದೆ. ಹೊರಗೆ ದುಡಿದ ಸಂಬಳ ಎನ್‌ಆರ್‌ಇ ಖಾತೆಗೆ ಬರುತ್ತದೆ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಅಸಲು, ಬಡ್ಡಿ ಎರಡನ್ನೂ ಬೇಕೆಂದಾಗ ವಾಪಸ್ ಒಯ್ಯಬಹುದು. ಬಾಡಿಗೆ ಇಲ್ಲೇ ಹುಟ್ಟಿದ ಆದಾಯ, ಅದಕ್ಕೆ ಎನ್‌ಆರ್‌ಒ ಖಾತೆ. ಅದರ ಬಡ್ಡಿಯಲ್ಲಿ ಬ್ಯಾಂಕು ಸಾಮಾನ್ಯವಾಗಿ ಶೇ. 30ರಷ್ಟು ತೆರಿಗೆ, ಜೊತೆಗೆ ಸೆಸ್ ಮುರಿದುಕೊಂಡೇ ಉಳಿದದ್ದನ್ನು ಕೊಡುತ್ತದೆ. ಅಲ್ಲಿ ಕೂಡಿಟ್ಟ ಹಣವನ್ನು ಹೊರಗೆ ಕಳಿಸಲು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ, ತೆರಿಗೆ ಕಟ್ಟಿದ ದಾಖಲೆಯೂ ಬೇಕು.

ಹಸುವಿನ ಹಾಲು, ಎಮ್ಮೆಯ ಹಾಲು ಒಂದೇ ಕ್ಯಾನಿಗೆ ಸುರಿದ ಮೇಲೆ ಯಾವುದೆಷ್ಟು ಎಂದು ಡೈರಿಯವರು ಹೇಗೆ ಹೇಳಿಯಾರು? ಅದಕ್ಕೇ ಕ್ಯಾನು ಬೇರೆ ಬೇರೆ.

ಮಗ ಊರಲ್ಲಿದ್ದಾಗ ತೆರೆದ ಉಳಿತಾಯ ಖಾತೆಯನ್ನೂ ಮರೆಯಬೇಡಿ. ಅನಿವಾಸಿಯಾದ ಮೇಲೆ ಅದನ್ನು ಹಾಗೇ ನಡೆಸುವಂತಿಲ್ಲ, ಎನ್‌ಆರ್‌ಒ ಆಗಿ ಬದಲಿಸಲೇಬೇಕು. ಪಾಸ್‌ಪೋರ್ಟ್, ವೀಸಾ, ಅಲ್ಲಿನ ವಿಳಾಸದ ಪುರಾವೆ ಸಿದ್ಧವಿಟ್ಟುಕೊಂಡು ಬ್ಯಾಂಕನ್ನು ಸಂಪರ್ಕಿಸಲು ಮಗನಿಗೆ ಹೇಳಿ.