ವಿಮಾನ ರಾತ್ರಿ ಎರಡಕ್ಕೆ, ಊಟ ಎಷ್ಟು ಗಂಟೆಗೆ?

ಗಲ್ಫಿಗೆ ಹೊರಟ ಮಗನಿರಲಿ, ಉಮ್ರಾಕ್ಕೆ ಹೊರಟ ಉಮ್ಮ ಇರಲಿ, ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟ್, ವೀಸಾ, ಲಗೇಜಿನ ತೂಕ ಎಲ್ಲವನ್ನೂ ಮೂರು ಸಲ ನೋಡುತ್ತೇವೆ. ಊಟದ ಲೆಕ್ಕ ಮಾತ್ರ ಯಾರೂ ಹಾಕೋದಿಲ್ಲ. ‘ಅಲ್ಲಿ ಏನಾದರೂ ಸಿಗುತ್ತೆ’ ಅಂತ ಹೊರಟುಬಿಡುತ್ತೇವೆ.

ವೀರನಹೊಸಹಳ್ಳಿ, ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಮೈಸೂರಿನ ಮಂಡಕಳ್ಳಿಯಿಂದ ವಿದೇಶಕ್ಕೆ ವಿಮಾನ ಇಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಹೋಗಬೇಕೆಂದರೆ ಇನ್ನೂರು ಕಿಲೋಮೀಟರ್ ಮೀರಿದ ದಾರಿ. ವಿಮಾನ ರಾತ್ರಿ 2 ಗಂಟೆಗೆ ಅಂತಿಟ್ಟುಕೊಳ್ಳಿ. ಮೂರು ಗಂಟೆ ಮೊದಲು, ಅಂದರೆ 11ಕ್ಕೆ ಅಲ್ಲಿರಬೇಕು. ಮನೆ ಬಿಡೋದು ಸಂಜೆ 5ರ ಒಳಗೆ. ಕುಟ್ಟದ ಕಡೆಯಿಂದ ನಾಗರಹೊಳೆ ಕಾಡಿನ ದಾರಿಯಲ್ಲಿ ಬರುವವರು ಇನ್ನೂ ಬೇಗ ಹೊರಡಬೇಕು. ಸಂಜೆ 6 ಆದರೆ ವೀರನಹೊಸಹಳ್ಳಿ ಗೇಟು ಹಾಕುತ್ತಾರೆ, ತೆಗೆಯೋದು ಬೆಳಿಗ್ಗೆ 6ಕ್ಕೆ. ಮಧ್ಯಾಹ್ನ ಒಂದಕ್ಕೆ ಉಂಡವರಿಗೆ ವಿಮಾನದಲ್ಲಿ ತಟ್ಟೆ ಬರುವಾಗ ರಾತ್ರಿ ಮೂರು! ಹದಿನಾಲ್ಕು ಗಂಟೆ ಚಹಾ, ಬಿಸ್ಕತ್ತಿನಲ್ಲೇ ಕಳೆದಿರುತ್ತದೆ. ಯುವಕರು ತಡೆದುಕೊಂಡಾರು, ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದು ಅಪಾಯ.

ಆದ್ದರಿಂದ ರಾತ್ರಿಯೂಟ ದಾರಿಯಲ್ಲೇ ಮುಗಿಯಲಿ. ಮಗ್ರಿಬ್ ನಮಾಝಿಗೆ ಹೇಗೂ ನಿಲ್ಲುತ್ತೇವೆ, ಅಲ್ಲೇ ಊಟವನ್ನೂ ಮಾಡಿಬಿಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮಂಡ್ಯ, ಮದ್ದೂರು, ರಾಮನಗರ ಬೈಪಾಸ್‌ನಲ್ಲೇ ದಾಟಿಹೋಗುತ್ತವೆ. ಹೋಟೆಲ್ ಬೇಕಾದರೆ ಸರ್ವಿಸ್ ರಸ್ತೆಗೆ ಇಳಿಯಬೇಕು. ಎಲ್ಲಿ ನಿಲ್ಲೋದು ಅಂತ ಡ್ರೈವರಿಗೆ ಮೊದಲೇ ಹೇಳಿಡಿ.

ಮನೆಯಿಂದ ಬುತ್ತಿ ಒಯ್ಯಬಹುದಾ? ಧಾರಾಳವಾಗಿ. ಗಟ್ಟಿ ಪದಾರ್ಥಕ್ಕೆ ಸಾಮಾನ್ಯವಾಗಿ ತಡೆಯಿಲ್ಲ. ಪತ್ತಿರ್, ಚಪಾತಿ, ಹುರಿದ ಕಡಲೆ, ಖರ್ಜೂರ, ಬಾಳೆಹಣ್ಣು ಕೈಚೀಲದಲ್ಲಿರಲಿ. ಗಸಿ, ಚಟ್ನಿ, ಮೊಸರು, ತುಪ್ಪ, ಉಪ್ಪಿನಕಾಯಿಯ ಎಣ್ಣೆ ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿಲಿಲೀಟರ್ ಮೀರಿದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಕೋಳಿ ಸುಕ್ಕ, ಬಿರಿಯಾನಿಯನ್ನು ಆರೇಳು ಗಂಟೆ ಡಬ್ಬಿಯಲ್ಲಿಟ್ಟು ತಿನ್ನಬೇಡಿ. ಬೇಯಿಸಿದ ಮಾಂಸ, ಅನ್ನ ಸೆಕೆಯಲ್ಲಿ ಎರಡು ಗಂಟೆ ಕಳೆದರೆ ಕೆಡಲು ಶುರು. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸಿಕೊಳ್ಳಿ. ಉಳಿದ ಹಣ್ಣನ್ನು ವಿಮಾನದಲ್ಲೇ ಮುಗಿಸಿ, ಹೊರಗಿನಿಂದ ಹಣ್ಣು, ಮಾಂಸ ತರಲು ಹಲವು ದೇಶಗಳಲ್ಲಿ ನಿಯಮ ಬಿಗಿ.

ಬೆಂಗಳೂರಿನಲ್ಲಿ ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಒಳಗೆ ಬೆಲೆ ಜಾಸ್ತಿ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ ಸರ್ಕಾರ ‘ಉಡಾನ್ ಯಾತ್ರಿ ಕೆಫೆ’ ತೆರೆದು ಚಹಾವನ್ನು 10 ರೂಪಾಯಿಗೆ ಕೊಡಲು ಆರಂಭಿಸಿದ್ದೇ ಈ ದೂರಿನಿಂದಾಗಿ. ಕೊಳ್ಳಲೇಬೇಕಾದರೆ ಪಫ್ಸ್, ಬರ್ಗರ್, ಸಿಹಿ ಕಾಫಿ ಬಿಟ್ಟು ಇಡ್ಲಿ, ಮೊಸರನ್ನ, ಆಮ್ಲೆಟ್ ಕೇಳಿ. ಮಾಂಸ ಹಲಾಲ್ ಹೌದೋ ಅಲ್ಲವೋ ಅಂತ ಕೇಳಲು ಸಂಕೋಚ ಬೇಡ. ಉತ್ತರ ಖಚಿತವಿಲ್ಲದಿದ್ದರೆ ಸಸ್ಯಾಹಾರವೇ ಸುಲಭ. ಊಟ ಕೊಡುವ ವಿಮಾನವಾದರೆ ‘ಮುಸ್ಲಿಂ ಮೀಲ್’ ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿ. ಹೊರಡುವ ದಿನ ಹೇಳಿದರೆ ಸಿಗುವುದಿಲ್ಲ. ಕೆಲವು ವಿಮಾನಗಳಲ್ಲಿ ಊಟ ದುಡ್ಡು ಕೊಟ್ಟೇ ಕೊಳ್ಳಬೇಕು, ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಸಕ್ಕರೆ ಕಾಯಿಲೆಯವರ ಇನ್ಸುಲಿನ್, ಮಾತ್ರೆ, ವೈದ್ಯರ ಚೀಟಿ ಮೂರೂ ಕೈಚೀಲದಲ್ಲೇ ಇರಬೇಕು. ದೊಡ್ಡ ಲಗೇಜಿನಲ್ಲಿ ಹಾಕಿದರೆ ವಿಮಾನದ ಹೊಟ್ಟೆಯ ಚಳಿಗೆ ಇನ್ಸುಲಿನ್ ಕೆಡಬಹುದು. ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಔಷಧಿಯನ್ನು ತಟ್ಟೆ ಮುಂದೆ ಬಂದ ಮೇಲೆ ತೆಗೆದುಕೊಳ್ಳೋದು ಕ್ಷೇಮ. ಹೊತ್ತು ಬದಲಾಗುವುದರಿಂದ ಎಷ್ಟು, ಯಾವಾಗ ಅಂತ ವಾರ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಬಾಯಿಗೆ ಹಾಕಬೇಕು. ಅದರ ಪೊಟ್ಟಣ ಅಂಗಿಯ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ.

ಬೀಳ್ಕೊಡಲು ಎರಡು ಕಾರು ತುಂಬ ಬಂದರೂ ಟಿಕೆಟ್ ಇಲ್ಲದವರಿಗೆ ಟರ್ಮಿನಲ್ ಒಳಗೆ ಬಿಡುವುದಿಲ್ಲ. ಅಲ್ಲಿಂದ ಮುಂದೆ ಉಮ್ಮ ಒಬ್ಬರೇ. ಬಾಗಿಲಲ್ಲಿ ಸಲಾಂ ಹೇಳುವ ಮೊದಲು ಅವರ ಚೀಲ ತೆರೆದು ನೋಡಿ: ಬುತ್ತಿ ಡಬ್ಬಿ, ಖಾಲಿ ಬಾಟಲಿ, ಮಾತ್ರೆ, ಸ್ವಲ್ಪ ಚಿಲ್ಲರೆ ದುಡ್ಡು. ‘ಹನ್ನೊಂದೂವರೆಗೆ ಇದನ್ನು ತಿನ್ನಿ ಉಮ್ಮಾ’ ಅಂತ ಹೇಳಿ, ಆ ಹೊತ್ತಿಗೆ ಒಂದು ಫೋನೂ ಮಾಡಿ.