ಜಗದೀಶಚಂದ್ರ ಬೋಸರ ಮೊದಲ ಶಾಲೆ

ಈ ಲೇಖನಕ್ಕೆ ಕಾರಣ ಇಂಗ್ಲಿಷಿನ ಒಂದು ಅಕ್ಷರ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತು ಕಾಲೇಜಿಗೆ ಬಂದ ಮೊದಲ ವರ್ಷ, ಅಕೌಂಟ್ಸ್ ತರಗತಿಯಲ್ಲಿ ಪಾಠ ಓದಲು ಎದ್ದು ನಿಂತೆ. ಸಾಲ ಎಂಬರ್ಥದ 'ಡೆಟ್' ಶಬ್ದದೊಳಗೆ ಒಂದು 'ಬಿ' ಅಡಗಿದೆಯಲ್ಲ, ಅದನ್ನೂ ಬಿಡದೆ 'ಡೆಬ್ಟ್' ಅಂತ ಓದಿಬಿಟ್ಟೆ. ಬರೆದದ್ದನ್ನೆಲ್ಲ ಓದುವುದು ಕನ್ನಡದ ರೂಢಿ ನೋಡಿ! ಇಡೀ ತರಗತಿ ನಕ್ಕಿತು. ಮುಂದೆ ಎಷ್ಟೋ ದಿನ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತೆ. ನನ್ನನ್ನು ಕನ್ನಡ ಶಾಲೆಗೆ ಹಾಕಿದ ಅಪ್ಪನ ಮೇಲೆ ಸಿಟ್ಟು ಬಂದದ್ದೂ ಸುಳ್ಳಲ್ಲ.

ಆ ದಿನಗಳಲ್ಲೇ ಲೈಬ್ರರಿಯಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರ ಬಾಲ್ಯದ ಕುರಿತು ಓದಿದೆ. ಅದನ್ನು ನಿಮಗೂ ಹೇಳಬೇಕೆನಿಸಿತು.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ. ಕಂಪನಿ ಸರಕಾರ ಹೋಗಿ ಇಂಗ್ಲೆಂಡಿನ ರಾಣಿಯ ಆಳ್ವಿಕೆ ಬಂದ ವರ್ಷವದು. ತಂದೆ ಭಗವಾನಚಂದ್ರ ಬೋಸ್, ತಾಯಿ ಬಾಮಾಸುಂದರಿ. ತಂದೆ ಬ್ರಾಹ್ಮ ಸಮಾಜದವರು, ಫರೀದಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದವರು. ಹುಡುಗ ಬೆಳೆದದ್ದು ಅಲ್ಲಿಯೇ, ಪದ್ಮಾ ನದಿಯ ಸೀಮೆಯಲ್ಲಿ.

ಆ ಕಾಲಕ್ಕೆ ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದೆಂದರೆ ದೊಡ್ಡಸ್ತಿಕೆ. ಭಗವಾನಚಂದ್ರರ ಕೈಕೆಳಗಿನ ನೌಕರರೇ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಆದರೆ ಸಾಹೇಬರ ಮಗ ಹೋದದ್ದು ಬಂಗಾಳಿ ಪಾಠಶಾಲೆಗೆ! ಹಣವಿಲ್ಲದೆ ಅಲ್ಲ, ಬೇಕೆಂದೇ. ಇಂಗ್ಲಿಷ್ ಕಲಿಯುವ ಮೊದಲು ಮಗ ತನ್ನ ಭಾಷೆಯನ್ನೂ ತನ್ನ ಜನರನ್ನೂ ಅರಿಯಬೇಕು, ತಾನು ಉಳಿದವರಿಗಿಂತ ಮೇಲು ಎಂಬ ಭಾವನೆ ಅವನಲ್ಲಿ ಬೆಳೆಯಬಾರದು ಎಂಬುದು ತಂದೆಯ ನಿಲುವು.

ಆ ಶಾಲೆಯಲ್ಲಿ ಅವರ ಬಲಕ್ಕೆ ಕೂರುತ್ತಿದ್ದವನು ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ, ಎಡಕ್ಕೆ ಒಬ್ಬ ಮೀನುಗಾರನ ಮಗ. ಆಟಕ್ಕೂ ಅವರೇ ಜತೆ. ಹಕ್ಕಿ, ಮೃಗ, ನೀರಿನ ಜೀವಿಗಳ ಕುರಿತು ಆ ಗೆಳೆಯರು ಹೇಳುತ್ತಿದ್ದ ಕಥೆಗಳನ್ನು ಹುಡುಗ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ. ನಿಸರ್ಗವನ್ನು ಹುಡುಕಿ ನೋಡುವ ಆಸೆ ಪ್ರಾಯಶಃ ಅಲ್ಲಿಂದಲೇ ಹುಟ್ಟಿತೆಂದು 1915ರಲ್ಲಿ ವಿಕ್ರಮಪುರದ ಸಭೆಯೊಂದರಲ್ಲಿ ಬೋಸರೇ ನೆನೆದರು. ತಾಯಿ ಹಳೆಯ ಸಂಪ್ರದಾಯದವರು. ಆದರೂ ಮಗನ ಜತೆ ಮನೆಗೆ ಬಂದ ಈ ಗೆಳೆಯರಿಗೆಲ್ಲ ಭೇದವಿಲ್ಲದೆ ಬಡಿಸುತ್ತಿದ್ದರು.

ಶಾಲೆಗೆ ಕರೆದೊಯ್ಯುತ್ತಿದ್ದ ಆಳಿನ ಕಥೆ ಇನ್ನೂ ಸ್ವಾರಸ್ಯ. ಅವನೊಬ್ಬ ಡಕಾಯಿತ! ಭಗವಾನಚಂದ್ರರೇ ಅವನನ್ನು ಜೈಲಿಗೆ ಕಳಿಸಿದ್ದರು. ಬಿಡುಗಡೆಯಾದ ಮೇಲೆ, ಇನ್ನು ಯಾರು ಕೆಲಸ ಕೊಡುತ್ತಾರೆ ಎಂದು ಅವನು ಅವರ ಮುಂದೆಯೇ ಬಂದು ನಿಂತ. ಅವರು ಮಗನನ್ನೇ ಅವನ ಕೈಗೊಪ್ಪಿಸಿದರು. ಅವನ ಹೆಗಲೇರಿ, ಹಳೆಯ ದರೋಡೆಗಳ ಕಥೆ ಕೇಳುತ್ತ ಹುಡುಗನ ಸವಾರಿ ಸಾಗುತ್ತಿತ್ತು. ಒಮ್ಮೆ ಮನೆಯವರೆಲ್ಲ ದೋಣಿಯಲ್ಲಿ ಹೋಗುವಾಗ ಡಕಾಯಿತರ ದೋಣಿಗಳು ಬೆನ್ನಟ್ಟಿದವಂತೆ. ಈ ಆಳು ಎದ್ದು ನಿಂತು ವಿಚಿತ್ರವಾಗಿ ಕೂಗು ಹಾಕಿದ, ದೋಣಿಗಳು ಮಾಯ!

ಬಂಗಾಳದ 'ಜಾತ್ರಾ' ಎಂದರೆ ನಮ್ಮ ಬಯಲಾಟವಿದ್ದಂತೆ. ಅದರಲ್ಲಿ ಮಹಾಭಾರತದ ಪ್ರಸಂಗ ನೋಡಿದ ಹುಡುಗನ ಮನಸ್ಸಿನಲ್ಲಿ ನಿಂತವನು ಗೆದ್ದ ಅರ್ಜುನನಲ್ಲ, ಸೋತ ಕರ್ಣ. ಮುಂದೆ ತಂದೆಯನ್ನು ನೆನೆಯುವಾಗಲೂ ಅವರಿಗೆ ಕರ್ಣ ನೆನಪಾಗುತ್ತಿದ್ದ. ಅದಕ್ಕೆ ಕಾರಣವಿದೆ. ಜನರಿಗೆ ಉದ್ಯೋಗವಾಗಲೆಂದು ಭಗವಾನಚಂದ್ರರು ಅಸ್ಸಾಮಿನ ಚಹಾ ತೋಟ ಮೊದಲಾದ ಉದ್ಯಮಗಳಿಗೆ ಕೈಹಾಕಿ, ಕೈಸುಟ್ಟುಕೊಂಡು, ಸಾಲದಲ್ಲಿ ಮುಳುಗಿದರು.

ಇನ್ನು ಇಂಗ್ಲಿಷಿನ ವಿಷಯ. ಮಾತೃಭಾಷೆಯ ಶಾಲೆಗೆ ಹೋದದ್ದರಿಂದ ಬೋಸರಿಗೆ ಕಷ್ಟವೇ ಬರಲಿಲ್ಲವೆಂದರೆ ಅದು ಸುಳ್ಳಾದೀತು. 1869ರಲ್ಲಿ ಕಲಕತ್ತೆಯ ಹೇರ್ ಸ್ಕೂಲ್, ಕೆಲವೇ ತಿಂಗಳಲ್ಲಿ ಸೇಂಟ್ ಝೇವಿಯರ್ಸ್ ಶಾಲೆ. ಅಲ್ಲಿ ಸುತ್ತಲೂ ಇಂಗ್ಲಿಷ್ ಮಾತಾಡುವ ಹುಡುಗರು. ಹಳ್ಳಿಯ ಕಡೆಯಿಂದ ಬಂದ ಇವರಿಗೆ ಆ ಭಾಷೆ ಸರಿಯಾಗಿ ಬಾರದು. ಗೇಲಿಯಾಯಿತು, ಹೊಡೆದಾಟವೂ ಆಯಿತು. ಬಾಕ್ಸಿಂಗ್ ಬಲ್ಲ ಹುಡುಗನೊಬ್ಬ ಗುದ್ದಲು ಬಂದಾಗ, ಪೆಟ್ಟು ತಿಂದರೂ ಬಿಡದೆ ಅವನನ್ನು ಸೋಲಿಸಿದ ಮೇಲೆಯೇ ಕಾಟ ನಿಂತದ್ದು. ಇಂಗ್ಲಿಷ್ ಆಮೇಲೆ ಬಂತು. ಕೇಂಬ್ರಿಜ್‌ಗೂ ಹೋಗಿ ಬಂದರು.

1885ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಬಿಳಿಯರಿಗಿಂತ ಕಡಿಮೆ ಸಂಬಳ ಗೊತ್ತುಮಾಡಿದರು. ಅದನ್ನು ಮುಟ್ಟದೆ 3 ವರ್ಷ ಪಾಠ ಹೇಳಿದರು. ಕೊನೆಗೆ ಪೂರ್ಣ ಸಂಬಳ ಬಾಕಿಸಮೇತ ಬಂದಾಗ ಅದು ತಂದೆಯ ಸಾಲಕ್ಕೆ ಹೋಯಿತು. 1895ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ, ಗೋಡೆ ದಾಟಿ ಹೋದ ಕಣ್ಣಿಗೆ ಕಾಣದ ಅಲೆಗಳಿಂದ ದೂರದ ಗಂಟೆ ಬಾರಿಸಿ, ಮದ್ದಿನ ಪುಡಿಗೆ ಬೆಂಕಿ ಹೊತ್ತಿಸಿ ತೋರಿಸಿದರು. ಮುಂದೆ ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರ ಕಟ್ಟಿದರು. 1921ರಲ್ಲಿ 'ಅವ್ಯಕ್ತ' ಎಂಬ ಅವರ ಲೇಖನಸಂಗ್ರಹ ಬಂತು. ಅದು ಬಂಗಾಳಿಯಲ್ಲಿ!

ಕನ್ನಡ ಶಾಲೆಗೆ ಹೋದವರೆಲ್ಲ ಬೋಸರಾಗುತ್ತಾರೆಂದು ನಾನು ಹೇಳುತ್ತಿಲ್ಲ. ನನ್ನ ಅಪ್ಪ ಮ್ಯಾಜಿಸ್ಟ್ರೇಟರೂ ಅಲ್ಲ. ಫೀಸಿಲ್ಲದ ಶಾಲೆ ಎಂದೇ ನನ್ನನ್ನು ಅಲ್ಲಿಗೆ ಸೇರಿಸಿದರು. ಆದರೆ ಅವರಿಗೆ ಗತಿಯಿಲ್ಲದೆ ಸಿಕ್ಕಿದ ಶಾಲೆಯನ್ನೇ ಒಬ್ಬ ಮ್ಯಾಜಿಸ್ಟ್ರೇಟರು ತಮ್ಮ ಮಗನಿಗೆ ಆರಿಸಿ ಕೊಟ್ಟಿದ್ದರು ಎಂದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಇಂಗ್ಲಿಷ್ ಕಲಿಯಲೇಬೇಕು, ಕಲಿಯೋಣ. ನಾಚಿಕೆ ಮಾತ್ರ ಬೇಡ. ಈ ವರ್ಷ ಕನ್ನಡ ಶಾಲೆಗಳಿಂದ ಬಂದಿರುವ ತಮ್ಮ ತಂಗಿಯರೇ, ತರಗತಿ ನಕ್ಕರೆ ನಗಲಿ. ನೀವು ಓದುವುದನ್ನು ನಿಲ್ಲಿಸಬೇಡಿ.